ಹುಲ್ಲುಗಾವಲಿಗೆ ಇಳಿದ ನೌಕೆಗಳು

ಮನುಷ್ಯರನ್ನು ಹೊತ್ತ ಗಗನನೌಕೆಯ ಪಯಣದಲ್ಲಿ ಗಂಡಾಂತರದ ಅವಧಿಗಳು ಎರಡು. ಮೊದಲನೆಯದು ರಾಕೆಟ್ ನೆಲ ಬಿಟ್ಟ ಮೇಲಿನ ಸುಮಾರು ಹತ್ತು ನಿಮಿಷ. ಎರಡನೆಯದು ಕಕ್ಷೆಯಿಂದ ಕಳಚಿಕೊಂಡು ನೆಲ ಮುಟ್ಟುವವರೆಗಿನ ಸುಮಾರು ಒಂದು ಗಂಟೆ. ಏರಿಕೆಗೆ ಪ್ರೇಕ್ಷಕರಿರುತ್ತಾರೆ, ಕ್ಯಾಮೆರಾಗಳಿರುತ್ತವೆ, ಎಣಿಕೆಯ ದನಿಯಿರುತ್ತದೆ. ಇಳಿಕೆಯಾದರೋ ಯಾರ ಕಣ್ಣಿಗೂ ಬೀಳದ ಎತ್ತರದಲ್ಲಿ ಆರಂಭವಾಗಿ, ನಡುವೆ ರೇಡಿಯೊ ಸಂಪರ್ಕವೂ ಇಲ್ಲದ ಮೌನದಲ್ಲಿ ಸಾಗಿ, ಯಾವುದೋ ಬಯಲಿನಲ್ಲಿಯೋ ಸಮುದ್ರದಲ್ಲಿಯೋ ಮುಗಿಯುತ್ತದೆ. ಅದರಿಂದಾಗಿ ಇಳಿಕೆಯ ಬಗ್ಗೆ ಜನರಿಗೆ ತಿಳಿದದ್ದು, ತಿಳಿಸಬೇಕಾದವರು ತಿಳಿಸಿದಷ್ಟೇ. ಕಜಾಕ್ ಹುಲ್ಲುಗಾವಲಿನಲ್ಲಿಯೂ ಅದರ ಅಂಚಿನ ರಷ್ಯನ್ ಬಯಲುಗಳಲ್ಲಿಯೂ ಇಳಿದ ಸೋವಿಯತ್ ನೌಕೆಗಳ ಇತಿಹಾಸವನ್ನು ಓದುವಾಗ ಯಂತ್ರಗಳ ಕಥೆಯ ಜೊತೆಗೆ ಈ ತಿಳಿಸುವಿಕೆಯ ಕಥೆಯನ್ನೂ ಓದಬೇಕಾಗುತ್ತದೆ.

ಅಮೆರಿಕದ ಮೊದಲ ನೌಕೆಗಳೆಲ್ಲ ಸಮುದ್ರಕ್ಕೆ ಇಳಿದವು. ಅವನ್ನು ಎತ್ತಿಕೊಳ್ಳಲು ಆ ದೇಶಕ್ಕೆ ದೊಡ್ಡ ನೌಕಾಪಡೆಯಿತ್ತು. ಸೋವಿಯತ್ ಒಕ್ಕೂಟವು ತನ್ನ ಗುಟ್ಟಿನ ಯಂತ್ರಗಳನ್ನು ಪರರ ಹಡಗುಗಳು ಸುಳಿಯುವ ಸಾಗರಕ್ಕೆ ಇಳಿಸುವ ಬದಲು ತನ್ನ ಗಡಿಯೊಳಗೇ ಇಳಿಸಲು ನಿರ್ಧರಿಸಿತು. ಊರುಗಳು ವಿರಳವಾಗಿರುವ, ಮರಗಳಿಲ್ಲದ, ನೂರಾರು ಕಿಲೋಮೀಟರ್ ಸಮತಟ್ಟಾಗಿ ಹಬ್ಬಿದ ಹುಲ್ಲುಗಾವಲು, ಅಂದರೆ ರಷ್ಯನ್ನರು ‘ಸ್ಟೆಪ್’ ಎಂದು ಕರೆಯುವ ಬಯಲು, ಇದಕ್ಕೆ ಒದಗಿತು. ನೀರು ಹೊಡೆತವನ್ನು ಸ್ವಲ್ಪವಾದರೂ ತಾಳಿಕೊಳ್ಳುತ್ತದೆ, ನೆಲ ತಾಳಿಕೊಳ್ಳದು. ಈ ಒಂದು ವ್ಯತ್ಯಾಸವೇ ಸೋವಿಯತ್ ಎಂಜಿನಿಯರುಗಳ ಮುಂದಿನ ಹಲವು ತಲೆನೋವುಗಳಿಗೆ ಮೂಲವಾಯಿತು.

ಕಕ್ಷೆಯಲ್ಲಿರುವ ನೌಕೆಯ ವೇಗ ಗಂಟೆಗೆ ಸುಮಾರು 28,000 ಕಿಲೋಮೀಟರ್. ಎಂಜಿನನ್ನು ಕೆಲವು ನಿಮಿಷ ಎದುರು ದಿಕ್ಕಿಗೆ ಉರಿಸಿ ಈ ವೇಗದಲ್ಲಿ ಅಲ್ಪ ಭಾಗವನ್ನು ತಗ್ಗಿಸಿದರೆ ನೌಕೆ ಕೆಳಗೆ ಜಾರತೊಡಗುತ್ತದೆ. ಉಳಿದ ವೇಗವನ್ನೆಲ್ಲ ತಿಂದುಹಾಕುವ ಕೆಲಸ ವಾಯುಮಂಡಲದ್ದು. ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡಕ್ಕೆ ಸಿಕ್ಕ ನೌಕೆಯ ಮುಂದಿನ ಗಾಳಿಯು ಕಾದು ಪ್ಲಾಸ್ಮಾ ಆಗುತ್ತದೆ, ಅಂದರೆ ವಿದ್ಯುದಾವೇಶ ಪಡೆದ ಅನಿಲವಾಗುತ್ತದೆ, ಮತ್ತು ಅದು ಸುತ್ತುವರಿದಿರುವಷ್ಟು ಹೊತ್ತು ರೇಡಿಯೊ ಅಲೆಗಳು ಒಳಗೂ ಬಾರವು, ಹೊರಗೂ ಹೋಗವು. ಒಳಗಿರುವವರನ್ನು ಕಾಯುವುದು ಉಷ್ಣಕವಚ, ಅಂದರೆ ತಾನು ಸುಟ್ಟು ಕರಗುತ್ತ ಶಾಖವನ್ನು ಹೊರಗೇ ತಡೆಯುವ ಹೊದಿಕೆ. ಸೋಯುಜ್ ನೌಕೆಯಲ್ಲಿ ಇದಾದ ಮೇಲೆ, ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ, ಸಣ್ಣ ಪ್ಯಾರಾಚೂಟುಗಳು ಒಂದರ ಹಿಂದೊಂದು ಬಿಚ್ಚಿ, ಕೊನೆಗೆ 1,000 ಚದರ ಮೀಟರ್ ವಿಸ್ತಾರದ ಮುಖ್ಯ ಪ್ಯಾರಾಚೂಟನ್ನು ಹೊರಗೆಳೆಯುತ್ತವೆ. ನೆಲ ಒಂದು ಮೀಟರಿಗೂ ಕಡಿಮೆ ದೂರವಿರುವಾಗ ತಳದ ಪುಟ್ಟ ರಾಕೆಟ್‌ಗಳು ಹೊತ್ತಿ ಹೊಡೆತವನ್ನು ತಗ್ಗಿಸುತ್ತವೆ. ಇದನ್ನು ‘ಮೃದು ಇಳಿಕೆ’ ಎಂದು ಕರೆಯುವ ರೂಢಿಯಿದ್ದರೂ, ಅನುಭವಿಸಿದ ಯಾತ್ರಿಗಳು ಅದನ್ನು ಸಣ್ಣ ವಾಹನ ಅಪಘಾತಕ್ಕೆ ಹೋಲಿಸುವುದುಂಟು.

1961ರ ಏಪ್ರಿಲ್ 12ರಂದು ಭೂಮಿಯನ್ನು ಒಂದು ಸುತ್ತು ಹಾಕಿ 108 ನಿಮಿಷಗಳ ಪಯಣ ಮುಗಿಸಿದ ಯೂರಿ ಗಗಾರಿನ್ ಅವರ ವೊಸ್ತೋಕ್ ನೌಕೆಗೆ ಈ ಪುಟ್ಟ ರಾಕೆಟ್‌ಗಳಿರಲಿಲ್ಲ. ಗೋಳಾಕಾರದ ಆ ಕೋಶವು ಮನುಷ್ಯನಿಗೆ ಪೆಟ್ಟಾಗುವಷ್ಟು ಬಿರುಸಾಗಿ ನೆಲಕ್ಕೆ ಬಡಿಯುತ್ತಿದ್ದುದರಿಂದ, ಯಾತ್ರಿಯು ಸುಮಾರು 7 ಕಿಲೋಮೀಟರ್ ಎತ್ತರದಲ್ಲಿ ಆಸನಸಮೇತ ಹೊರಚಿಮ್ಮಿ ತನ್ನದೇ ಪ್ಯಾರಾಚೂಟಿನಲ್ಲಿ ಇಳಿಯುವಂತೆ ಏರ್ಪಾಡು ಮಾಡಲಾಗಿತ್ತು. ಗಗಾರಿನ್ ಇಳಿದದ್ದು ವೋಲ್ಗಾ ನದಿಯ ಸೀಮೆಯಲ್ಲಿ, ಸರಾತೊವ್ ಪ್ರಾಂತ್ಯದ ಸ್ಮೆಲೊವ್ಕಾ ಹಳ್ಳಿಯ ಬಳಿ. ಆಲೂಗೆಡ್ಡೆ ಹೊಲದಲ್ಲಿದ್ದ ಅರಣ್ಯ ಕಾವಲುಗಾರನ ಹೆಂಡತಿಯೂ ಅವಳ ಪುಟ್ಟ ಮೊಮ್ಮಗಳೂ ಕಿತ್ತಳೆ ಬಣ್ಣದ ಉಡುಪು, ಬಿಳಿಯ ಶಿರಸ್ತ್ರಾಣ ತೊಟ್ಟು ಹೊಲದಲ್ಲಿ ನಡೆದು ಬರುತ್ತಿದ್ದ ಆಕೃತಿಯನ್ನು ಕಂಡು ಹಿಂದೆ ಸರಿದರು. ತಾನೂ ಸೋವಿಯತ್ ಪ್ರಜೆಯೇ ಎಂದು ಆತ ಕೂಗಿ ಹೇಳಬೇಕಾಯಿತು. ಹೆದರಿಕೆಗೆ ಕಾರಣವೂ ಇತ್ತು. ಅದಕ್ಕೆ ಒಂದು ವರ್ಷದ ಹಿಂದೆ, 1960ರ ಮೇ 1ರಂದು, ಅಮೆರಿಕದ ಯು-2 ಬೇಹುಗಾರಿಕೆ ವಿಮಾನವನ್ನು ಸೋವಿಯತ್ ಪಡೆ ಹೊಡೆದುರುಳಿಸಿದಾಗ ಅದರ ಚಾಲಕ ಪ್ಯಾರಾಚೂಟಿನಲ್ಲಿಯೇ ಇಳಿದು ಸೆರೆಸಿಕ್ಕಿದ್ದ. ಗಗಾರಿನ್ ಅವರ ಶಿರಸ್ತ್ರಾಣದ ಮೇಲೆ ದೇಶದ ಹೆಸರಿನ ನಾಲ್ಕು ಕೆಂಪು ಅಕ್ಷರಗಳನ್ನು ಬರೆಸಿದ್ದು ಇಂಥ ತಪ್ಪುಗ್ರಹಿಕೆ ಆಗದಿರಲೆಂದೇ ಎಂಬ ಮಾತು ಇಂದಿಗೂ ಪ್ರಚಲಿತವಾಗಿದೆ.

ಅಜ್ಜಿ ಮತ್ತು ಮೊಮ್ಮಗಳು ಕಣ್ಣಾರೆ ಕಂಡ ಈ ಸಂಗತಿಯನ್ನು, ಅಂದರೆ ಯಾತ್ರಿ ಮತ್ತು ನೌಕೆ ಬೇರೆಬೇರೆಯಾಗಿ ಇಳಿದವೆಂಬುದನ್ನು, ಸೋವಿಯತ್ ಅಧಿಕಾರಿಗಳು ಜಗತ್ತಿನಿಂದ ಹಲವು ವರ್ಷ ಮುಚ್ಚಿಟ್ಟರು. ದಾಖಲೆಗಳಿಗೆ ಮನ್ನಣೆ ಕೊಡುವ ಅಂತರರಾಷ್ಟ್ರೀಯ ವಾಯುಯಾನ ಒಕ್ಕೂಟದ ನಿಯಮದಂತೆ ಚಾಲಕನು ತನ್ನ ವಾಹನದಲ್ಲಿಯೇ ನೆಲ ಮುಟ್ಟಬೇಕಿತ್ತು. ಇಳಿಕೆಯ ವೇಳೆ ನೌಕೆಯ ಎರಡು ಭಾಗಗಳು ಪೂರ್ತಿ ಕಳಚಿಕೊಳ್ಳದೆ ಸುಮಾರು ಹತ್ತು ನಿಮಿಷ ಗಿರಗಿರನೆ ತಿರುಗಿದ್ದೂ ಆಗ ಹೊರಬೀಳಲಿಲ್ಲ. ಒಂದು ಹಳ್ಳಿಗೆ ಗೊತ್ತಿದ್ದ ಸತ್ಯ ಇಡೀ ಲೋಕಕ್ಕೆ ಗೊತ್ತಿರಲಿಲ್ಲವೆಂಬುದು ವಿಚಿತ್ರವಾದರೂ, ಮುಂದಿನ ಮೂವತ್ತು ವರ್ಷ ಈ ಪದ್ಧತಿಯೇ ನಡೆಯಿತು.

1965ರ ಮಾರ್ಚಿನಲ್ಲಿ ಅಲೆಕ್ಸಿ ಲಿಯೊನೋವ್ ನೌಕೆಯಿಂದ ಹೊರಬಂದು ನಿರ್ವಾತದಲ್ಲಿ ತೇಲಿದ ಮೊದಲ ಮನುಷ್ಯರಾದರು. ಆ ದೃಶ್ಯ ಜಗತ್ತಿಗೆಲ್ಲ ತಲಪಿತು. ಮರುದಿನ ಇಳಿಯುವಾಗ ವೊಸ್ಖೋದ್-2ರ ಸ್ವಯಂಚಾಲಿತ ದಿಕ್ಸೂಚನೆ ಕೈಕೊಟ್ಟಿದ್ದರಿಂದ ಲಿಯೊನೋವ್ ಮತ್ತು ಪಾವೆಲ್ ಬೆಲ್ಯಾಯೆವ್ ನೌಕೆಯನ್ನು ಕೈಯಾರೆ ತಿರುಗಿಸಿ ಇಳಿಸಿದ್ದು, ಗುರಿಗಿಂತ ಸುಮಾರು 386 ಕಿಲೋಮೀಟರ್ ದೂರದ ಪೆರ್ಮ್ ಸೀಮೆಯ ದಟ್ಟ ಹಿಮಕಾಡಿನಲ್ಲಿ ಬಿದ್ದದ್ದು, ಹೆಲಿಕಾಪ್ಟರ್ ಇಳಿಯಲು ಜಾಗವಿಲ್ಲದೆ ಎರಡು ರಾತ್ರಿ ಅಲ್ಲೇ ಕಳೆದು ಕೊನೆಗೆ ಹಿಮಜಾರು ಪಟ್ಟಿಗಳ ಮೇಲೆ ನಡೆದು ಹೊರಬಂದದ್ದು ಮಾತ್ರ ಸಾರ್ವಜನಿಕರಿಗೆ ನಿಧಾನವಾಗಿ, ಚೂರುಚೂರಾಗಿ ತಿಳಿಯಿತು. ತೋಳ, ಕರಡಿಗಳ ಕಾಡಿನಲ್ಲಿ ಕಳೆದ ಆ ಎರಡು ರಾತ್ರಿಗಳ ನೆನಪು ಬಹುಕಾಲ ಉಳಿಯಿತು: 1980ರ ದಶಕದಲ್ಲಿ ಸೋಯುಜ್ ನೌಕೆಗಳ ಜೀವರಕ್ಷಣಾ ಪೆಟ್ಟಿಗೆಗೆ ಮೂರು ನಳಿಗೆಯ, ಟಿಪಿ-82 ಹೆಸರಿನ ಬಂದೂಕು ಸೇರಿತು. ಅಂತರಿಕ್ಷಕ್ಕೆ ಹೋಗಿಬಂದ ಈ ಆಯುಧದ ಶತ್ರು ಭೂಮಿಯ ತೋಳವೇ ಆಗಿತ್ತು.

ಸೋಯುಜ್ ನೌಕೆಯ ಮೊದಲ ಮಾನವಸಹಿತ ಹಾರಾಟವೇ ದುರಂತವಾಯಿತು. 1967ರ ಏಪ್ರಿಲ್ 23ರಂದು ವ್ಲಾದಿಮಿರ್ ಕೊಮರೋವ್ ಒಬ್ಬರನ್ನೇ ಹೊತ್ತೊಯ್ದ ನೌಕೆಯಲ್ಲಿ ಸೌರಫಲಕವೊಂದು ಬಿಚ್ಚಿಕೊಳ್ಳದೆ ವಿದ್ಯುತ್ತಿನ ಕೊರತೆಯಾಯಿತು. ಮರುದಿನ ಬೆಳಿಗ್ಗೆ ಅವರು ಕೈಚಳಕದಿಂದ ನೌಕೆಯನ್ನು ಸರಿಯಾಗಿಯೇ ಕಕ್ಷೆಯಿಂದ ಇಳಿಸಿದರೂ ಮುಖ್ಯ ಪ್ಯಾರಾಚೂಟು ತನ್ನ ಗೂಡಿನಿಂದ ಹೊರಬರಲಿಲ್ಲ, ಬದಲಿ ಪ್ಯಾರಾಚೂಟು ಮೊದಲೇ ಬಿಚ್ಚಿದ್ದ ಸಣ್ಣದಕ್ಕೆ ತೊಡರಿಕೊಂಡಿತು. ಓರ್ಸ್ಕ್ ಪಟ್ಟಣದ ಸೀಮೆಯ ಬಯಲಿಗೆ ಅಪ್ಪಳಿಸಿದ ನೌಕೆ ಹೊತ್ತಿ ಉರಿಯಿತು, ಹತ್ತಿರದ ಹಳ್ಳಿಗರು ಓಡಿಬಂದು ಮಣ್ಣು ಎರಚಿ ಆರಿಸಲು ನೋಡಿದರು. ಗಗನಯಾನದ ನಡುವೆ ಸತ್ತ ಮೊದಲ ಮನುಷ್ಯ ಕೊಮರೋವ್. ಅವರ ಹಿಂದೆಯೇ ಮೂವರನ್ನು ಹೊತ್ತು ಏರಬೇಕಿದ್ದ ಎರಡನೆಯ ಸೋಯುಜ್ ಹಾರದೆ ಉಳಿದದ್ದು ಅದೃಷ್ಟ. ಅದರ ಪ್ಯಾರಾಚೂಟಿಗೂ ಅದೇ ಬಗೆಯ ಗೂಡು ಇತ್ತು. ಈ ಸಾವನ್ನು ಮುಚ್ಚಿಡುವಂತಿರಲಿಲ್ಲ. ಹಾರಾಟವನ್ನು ಮೊದಲೇ ಘೋಷಿಸಲಾಗಿತ್ತು. ಪ್ಯಾರಾಚೂಟಿನ ಹಗ್ಗಗಳು ಸುತ್ತಿಕೊಂಡವು ಎಂಬ ಚಿಕ್ಕ ಪ್ರಕಟಣೆ ಬಂತು, ಚಿತಾಭಸ್ಮವನ್ನು ಕ್ರೆಮ್ಲಿನ್ ಗೋಡೆಯಲ್ಲಿ ಇರಿಸಲಾಯಿತು, ಶೋಕ ಸಲ್ಲಿಸಲು ಜನ ಸಾಲುಗಟ್ಟಿದರು.

ಆದರೆ ಬದುಕಿ ಬಂದವರ ಕಷ್ಟಗಳು ಗುಟ್ಟಾಗಿಯೇ ಉಳಿದವು. 1969ರ ಜನವರಿ 18ರಂದು ಸೋಯುಜ್-5ರಲ್ಲಿ ಒಬ್ಬರೇ ಮರಳುತ್ತಿದ್ದ ಬೋರಿಸ್ ವೊಲಿನೊವ್ ಅವರ ಕೋಶದಿಂದ ಹಿಂಬದಿಯ ಎಂಜಿನ್ ಭಾಗ ಕಳಚಿಕೊಳ್ಳಲಿಲ್ಲ. ನೌಕೆ ಉಷ್ಣಕವಚವನ್ನು ಹಿಂದಕ್ಕೂ ತೆಳುವಾದ ಬಾಗಿಲಿನ ತುದಿಯನ್ನು ಮುಂದಕ್ಕೂ ಮಾಡಿಕೊಂಡು ವಾಯುಮಂಡಲಕ್ಕೆ ನುಗ್ಗಿತು. ಬಿಸಿಗೆ ಜೋಡಣೆಗಳು ಮುರಿದು ಆ ಭಾಗ ತಾನಾಗಿ ಬಿದ್ದುಹೋದ ಬಳಿಕವೇ ಕೋಶ ಸರಿಯಾದ ಮಗ್ಗುಲಿಗೆ ಹೊರಳಿತು. ಪ್ಯಾರಾಚೂಟಿನ ಹಗ್ಗಗಳು ಅರೆಬರೆ ಸುತ್ತಿಕೊಂಡಿದ್ದವು, ಕೆಳಗಿನ ರಾಕೆಟ್‌ಗಳು ಕೆಲಸ ಮಾಡಲಿಲ್ಲ, ಇಳಿದ ಹೊಡೆತಕ್ಕೆ ವೊಲಿನೊವ್ ಅವರ ಹಲ್ಲುಗಳು ಮುರಿದವು. ಉರಲ್ ಪರ್ವತಸೀಮೆಯಲ್ಲಿ ಸೊನ್ನೆಗಿಂತ 38 ಡಿಗ್ರಿ ಕೆಳಗಿನ ಚಳಿಯಲ್ಲಿ ಅವರು ನೌಕೆ ಬಿಟ್ಟು ಹೊಗೆ ಕಂಡ ದಿಕ್ಕಿಗೆ ನಡೆದು ರೈತನೊಬ್ಬನ ಗುಡಿಸಲು ಸೇರಿದರು. ತಡವಾಗಿ ಬಂದ ರಕ್ಷಕರಿಗೆ ಸಿಕ್ಕಿದ್ದು ಖಾಲಿ ಕೋಶ ಮತ್ತು ಹಿಮದ ಮೇಲಿನ ಹೆಜ್ಜೆ. ನಾಲ್ಕು ದಿನಗಳ ಅನಂತರ ಮಾಸ್ಕೊದಲ್ಲಿ ಯಾತ್ರಿಗಳಿಗೆ ವೈಭವದ ಸ್ವಾಗತ ನಡೆಯಿತು. ಸೋವಿಯತ್ ನಾಯಕ ಬ್ರೆಜ್ನೆವ್ ಅವರನ್ನು ಕೊಲ್ಲಲು ಹೊಂಚುಹಾಕಿದ್ದ ಸೈನಿಕನೊಬ್ಬ ಆ ದಿನವೇ ತಪ್ಪಾಗಿ ಗಗನಯಾತ್ರಿಗಳಿದ್ದ ಕಾರಿನ ಮೇಲೆ ಗುಂಡು ಹಾರಿಸಿ ಅದರ ಚಾಲಕನನ್ನು ಕೊಂದ. ವೊಲಿನೊವ್ ಅವರ ಇಳಿಕೆ ಹೇಗಿತ್ತೆಂಬುದು ಮಾತ್ರ ಸೋವಿಯತ್ ಒಕ್ಕೂಟ ಅಳಿದ ಮೇಲಷ್ಟೇ ಹೊರಬಂತು.

ಎಲ್ಲಕ್ಕಿಂತ ಆಳವಾದ ಗಾಯ ಮಾಡಿದ್ದು ಸೋಯುಜ್-11. 1971ರ ಜೂನಿನಲ್ಲಿ ಗಿಯೊರ್ಗಿ ದೊಬ್ರೊವೊಲ್ಸ್ಕಿ, ವ್ಲಾದಿಸ್ಲಾವ್ ವೋಲ್ಕೊವ್ ಮತ್ತು ವಿಕ್ತೊರ್ ಪತ್ಸಾಯೆವ್ ಜಗತ್ತಿನ ಮೊದಲ ಅಂತರಿಕ್ಷ ನಿಲ್ದಾಣವಾದ ಸಲ್ಯೂತ್‌ನಲ್ಲಿ ಮೂರು ವಾರ ನೆಲೆಸಿದರು. ಮೂಲತಃ ಹೋಗಬೇಕಿದ್ದ ತಂಡದ ಒಬ್ಬರಿಗೆ ಕ್ಷಯದ ಶಂಕೆ ಬಂದದ್ದರಿಂದ ಬದಲಿಯಾಗಿ ಹೋದವರು ಇವರು. ಅವರ ದಿನಚರಿಯನ್ನು ಸೋವಿಯತ್ ಟೆಲಿವಿಷನ್ ಮತ್ತೆಮತ್ತೆ ತೋರಿಸಿತು. ಜೂನ್ 19ರಂದು ಪತ್ಸಾಯೆವ್ ತಮ್ಮ ಹುಟ್ಟುಹಬ್ಬವನ್ನು ಅಲ್ಲಿಯೇ ಆಚರಿಸಿಕೊಂಡರು, ಮೂವರೂ ಮನೆಮನೆಯ ಪರಿಚಯದವರಾದರು. ಜೂನ್ 30ರ ನಸುಕಿನಲ್ಲಿ ಕೋಶವು ಕಜಾಕ್ ಬಯಲಿಗೆ ಪಠ್ಯಪುಸ್ತಕದಲ್ಲಿ ಬರೆದಂತೆ ಇಳಿಯಿತು: ಪ್ಯಾರಾಚೂಟು ಬಿಚ್ಚಿತು, ರಾಕೆಟ್‌ಗಳು ಹೊತ್ತಿದವು, ಹೆಲಿಕಾಪ್ಟರ್‌ಗಳು ಪಕ್ಕದಲ್ಲಿಯೇ ಇಳಿದವು. ರಕ್ಷಕರು ಕೋಶದ ಮಗ್ಗುಲನ್ನು ತಟ್ಟಿದರು, ಒಳಗಿನಿಂದ ಉತ್ತರವಿಲ್ಲ. ಬಾಗಿಲು ತೆರೆದಾಗ ಮೂವರೂ ತಂತಮ್ಮ ಆಸನಗಳಲ್ಲಿಯೇ ಇದ್ದರು, ಮುಖದಲ್ಲಿ ನೀಲಿ ಕಲೆಗಳಿದ್ದವು, ಮೂಗು ಕಿವಿಗಳಿಂದ ರಕ್ತ ಒಸರಿತ್ತು, ದೊಬ್ರೊವೊಲ್ಸ್ಕಿ ಅವರ ಮೈ ಇನ್ನೂ ಬೆಚ್ಚಗಿತ್ತು. ಹುಲ್ಲಿನ ಮೇಲೆ ಮಲಗಿಸಿ ಕೃತಕ ಉಸಿರಾಟ ಕೊಟ್ಟದ್ದು ಫಲಿಸಲಿಲ್ಲ.

ಕಾರಣ ಒಂದು ಕವಾಟ. ನೌಕೆಯ ಭಾಗಗಳನ್ನು ಬಿಗಿದಿದ್ದ ಸಿಡಿಮದ್ದಿನ ಬೋಲ್ಟುಗಳು ಒಂದರ ನಂತರ ಒಂದು ಸಿಡಿಯುವ ಬದಲು ಏಕಕಾಲಕ್ಕೆ ಸಿಡಿದಾಗ, ನೆಲದ ಸಮೀಪದಲ್ಲಿ ಹೊರಗಾಳಿಯನ್ನು ಒಳಬಿಡಲೆಂದು ಇಟ್ಟಿದ್ದ ಕವಾಟವು ಸುಮಾರು 168 ಕಿಲೋಮೀಟರ್ ಎತ್ತರದಲ್ಲಿಯೇ ತೆರೆದುಕೊಂಡು ಕೋಶದ ಗಾಳಿಯೆಲ್ಲ ನಿರ್ವಾತಕ್ಕೆ ಸೋರಿಹೋಯಿತು. ಅದನ್ನು ಕೈಯಿಂದ ತಿರುಗಿಸಿ ಮುಚ್ಚಲು ಯಾತ್ರಿಗಳು ಯತ್ನಿಸಿದ್ದರು, ಅದಕ್ಕೆ ಬೇಕಾದಷ್ಟು ಹೊತ್ತು ಎಚ್ಚರ ಉಳಿಯಲಿಲ್ಲ. ಒತ್ತಡ ಉಡುಪು, ಅಂದರೆ ಕೋಶದ ಗಾಳಿ ಹೋದರೂ ತನ್ನೊಳಗೆ ಗಾಳಿಯನ್ನು ಹಿಡಿದಿಡುವ ದಿರಿಸು, ಅವರ ಮೈಮೇಲಿರಲಿಲ್ಲ; ಇಕ್ಕಟ್ಟಾದ ಕೋಶದಲ್ಲಿ ಮೂವರನ್ನು ಕೂರಿಸಲೆಂದು ಅದನ್ನು ಕೈಬಿಡಲಾಗಿತ್ತು. ಈ ನಿರ್ಧಾರವನ್ನು ತಾಂತ್ರಿಕ ಅನಿವಾರ್ಯತೆ ಎಂದು ಕರೆಯುವುದು ಕಷ್ಟ: 1964ರಲ್ಲಿ ಅಮೆರಿಕಕ್ಕಿಂತ ಮೊದಲು ಮೂವರನ್ನು ಒಟ್ಟಿಗೆ ಕಳಿಸಬೇಕೆಂಬ ಹಟದಲ್ಲಿ ವೊಸ್ಖೋದ್‌ನಲ್ಲಿ ಆರಂಭವಾದ ರೂಢಿ ಅದು.

ಮಾಸ್ಕೊದ ಸೋವಿಯತ್ ಸೇನಾಭವನದಲ್ಲಿ ಮೂರು ಶವಪೆಟ್ಟಿಗೆಗಳ ಮುಂದೆ ಜನ ಉದ್ದುದ್ದ ಸಾಲಿನಲ್ಲಿ ಸಾಗಿದರು; ಅಂತ್ಯಯಾತ್ರೆಯಲ್ಲಿ ಹೆಗಲು ಕೊಟ್ಟವರಲ್ಲಿ ಅಮೆರಿಕದ ಗಗನಯಾತ್ರಿ ಟಾಮ್ ಸ್ಟಾಫರ್ಡ್ ಸಹ ಇದ್ದರು. ಕಾರಣವನ್ನು ಕೂಡಲೇ ತಿಳಿಸದಿದ್ದುದರಿಂದ, ದೀರ್ಘಕಾಲದ ತೂಕರಹಿತ ಸ್ಥಿತಿಯೇ ಅವರನ್ನು ಕೊಂದಿತೆಂದೂ ಮನುಷ್ಯನ ಗುಂಡಿಗೆ ಭೂಮಿಗೆ ಮರಳುವ ಭಾರವನ್ನು ತಾಳದೆಂದೂ ಊಹೆಗಳು ಹಬ್ಬಿದವು. ಕವಾಟದ ವಿವರಗಳು ಹೊರನಾಡಿನವರಿಗೆ ಸರಿಯಾಗಿ ಸಿಕ್ಕಿದ್ದು ಅಪೊಲೊ–ಸೋಯುಜ್ ಜಂಟಿ ಹಾರಾಟದ ಮಾತುಕತೆಗಳಲ್ಲಿ. ಅಲ್ಲಿಂದಾಚೆ ಸೋಯುಜ್ ಯಾತ್ರಿಗಳು ಏರುವಾಗಲೂ ಇಳಿಯುವಾಗಲೂ ‘ಸೊಕೊಲ್’ ಎಂಬ ಒತ್ತಡ ಉಡುಪು ಧರಿಸತೊಡಗಿದರು. ಉಡುಪಿಗೆ ಜಾಗ ಬೇಕಾದ್ದರಿಂದ ಹೊಸ ಮಾದರಿಯ ಸೋಯುಜ್-ಟಿ ಬರುವವರೆಗೆ ಸುಮಾರು ಒಂಬತ್ತು ವರ್ಷ ಮೂವರ ಬದಲು ಇಬ್ಬರೇ ಹೋದರು.

ಆ ಜಂಟಿ ಹಾರಾಟವು ಬಾಯಿ ಬಿಡಿಸುವ ಕೆಲಸವನ್ನೂ ಸ್ವಲ್ಪಮಟ್ಟಿಗೆ ಮಾಡಿತು. 1975ರ ಏಪ್ರಿಲ್ 5ರಂದು ರಾಕೆಟ್ ನಡುದಾರಿಯಲ್ಲಿ ಕೆಟ್ಟು, ವಾಸಿಲಿ ಲಾಜರೆವ್ ಮತ್ತು ಒಲೆಗ್ ಮಕಾರೊವ್ ಅವರ ಕೋಶವು ದೇಹದ ತೂಕ ಇಪ್ಪತ್ತು ಪಟ್ಟಿಗೂ ಮೀರಿದಂತೆನಿಸುವ ಒತ್ತಡದೊಂದಿಗೆ ಅಲ್ತಾಯ್ ಬೆಟ್ಟದ ಹಿಮದ ಇಳಿಜಾರಿಗೆ ಬಿದ್ದಾಗ, ಮೂರು ತಿಂಗಳಲ್ಲಿ ಅದೇ ಬಗೆಯ ನೌಕೆಯನ್ನು ಸಂಧಿಸಬೇಕಿದ್ದ ಅಮೆರಿಕನ್ನರಿಗೆ ಸುದ್ದಿ ಕೊಡದೆ ಗತ್ಯಂತರವಿರಲಿಲ್ಲ. ತಾವು ಇಳಿದದ್ದು ಚೀನಾದಲ್ಲಿಯೋ ಎಂಬ ಭಯ ಆ ಇಬ್ಬರಿಗಿತ್ತು. ಮರುವರ್ಷ, 1976ರ ಅಕ್ಟೋಬರ್ 16ರ ರಾತ್ರಿ, ನಿಲ್ದಾಣಕ್ಕೆ ಜೋಡಿಸಿಕೊಳ್ಳಲಾಗದೆ ಮರಳಿದ ಸೋಯುಜ್-23 ಹಿಮಗಾಳಿಯ ನಡುವೆ ನೇರವಾಗಿ ತೆಂಗಿಜ್ ಸರೋವರಕ್ಕೆ ಬಿತ್ತು. ಬಯಲಿಗೆಂದು ಕಟ್ಟಿದ ಮಾನವಸಹಿತ ನೌಕೆ ನೀರಿಗೆ ಬಿದ್ದದ್ದು ಸೋವಿಯತ್ ಕಾಲದಲ್ಲಿ ಅದೊಂದೇ ಸಲ. ನೆನೆದ ಪ್ಯಾರಾಚೂಟು ಕೋಶವನ್ನು ಮಗ್ಗುಲಾಗಿ ಎಳೆದು ಬಾಗಿಲನ್ನು ನೀರಿಗಿಳಿಸಿತು. ವ್ಯಾಚೆಸ್ಲಾವ್ ಜುದೊವ್ ಮತ್ತು ವಲೆರಿ ರೊಜ್ದೆಸ್ತ್ವೆನ್ಸ್ಕಿ ಕತ್ತಲಲ್ಲಿ ಚಳಿಯಲ್ಲಿ ರಾತ್ರಿಯಿಡೀ ಒಳಗೇ ಕುಳಿತಿದ್ದರು, ಬೆಳಗಾದ ಮೇಲೆ ಹೆಲಿಕಾಪ್ಟರು ಕೋಶವನ್ನು ಎತ್ತಲಾಗದೆ ದಡಕ್ಕೆ ಎಳೆದೊಯ್ಯಿತು. ಒಳಗಿದ್ದವರು ಸತ್ತಿರಬಹುದೆಂದು ರಕ್ಷಕರು ಭಾವಿಸಿದ್ದರು, ಇಬ್ಬರೂ ಬದುಕಿದ್ದರು.

ಭಾರತದ ಸ್ಕ್ವಾಡ್ರನ್ ಲೀಡರ್ ರಾಕೇಶ್ ಶರ್ಮಾ 1984ರ ಏಪ್ರಿಲ್ 11ರಂದು ಇಳಿದದ್ದು ಇದೇ ಹುಲ್ಲುಗಾವಲಿನಲ್ಲಿ, ಅರ್ಕಲಿಕ್ ಪಟ್ಟಣದ ಪೂರ್ವಕ್ಕೆ. ಕಕ್ಷೆಯಿಂದ ಅವರು ಪ್ರಧಾನಿಯೊಂದಿಗೆ ಆಡಿದ ಮಾತು ಇಂದಿಗೂ ಜನರ ಬಾಯಲ್ಲಿದೆ. ಅವರು ಹೇಗೆ ಇಳಿದರೆಂಬುದು ಯಾರ ನೆನಪಿನಲ್ಲಿಯೂ ಇಲ್ಲ. ಸುಖವಾಗಿ ಮುಗಿದ ಇಳಿಕೆಗಳ ಹಣೆಬರಹ ಇಷ್ಟೇ.

ಎಲ್ಲವನ್ನೂ ತೋರಿಸಿದ ಅಮೆರಿಕದಲ್ಲಿ ಬೇರೆ ಬಗೆಯ ಕಷ್ಟಗಳಿದ್ದವು. 1961ರ ಜುಲೈನಲ್ಲಿ ಗಸ್ ಗ್ರಿಸಮ್ ಅವರ ಕೋಶದ ಬಾಗಿಲು ಸಮುದ್ರದಲ್ಲಿ ತಾನಾಗಿ ಸಿಡಿದು ಕೋಶ ಮುಳುಗಿದಾಗ, ಆತ ಗಾಬರಿಯಲ್ಲಿ ತಾನೇ ತೆರೆದಿರಬೇಕೆಂಬ ಗುಸುಗುಸು ಹುಟ್ಟಿ, ತನಿಖೆ ಆತನನ್ನು ದೋಷಮುಕ್ತನೆಂದರೂ, ಬದುಕಿರುವವರೆಗೆ ಬೆನ್ನು ಬಿಡಲಿಲ್ಲ. 1970ರ ಏಪ್ರಿಲ್ 17ರಂದು ಅಪೊಲೊ-13 ಮರಳುವಾಗ ರೇಡಿಯೊ ಮೌನವು ಲೆಕ್ಕಕ್ಕಿಂತ ಸುಮಾರು ಒಂದೂವರೆ ನಿಮಿಷ ಹೆಚ್ಚು ಎಳೆಯಿತು. ಆ ಒಂದೂವರೆ ನಿಮಿಷವನ್ನು ಕೋಟಿಗಟ್ಟಲೆ ಜನ ಟೆಲಿವಿಷನ್ ಮುಂದೆ ಉಸಿರು ಬಿಗಿಹಿಡಿದು ಕಳೆದರು. ಇಂಥ ಸಾಮೂಹಿಕ ಆತಂಕ ಸೋವಿಯತ್ ನಾಡಿನಲ್ಲಿ ಸಾಧ್ಯವೇ ಇರಲಿಲ್ಲ.

2003ರ ಫೆಬ್ರವರಿ 1ರಂದು ಈ ಆತಂಕ ಭಾರತದ ಮನೆಗಳಿಗೂ ಬಂತು. ಏರುವಾಗ ಇಂಧನ ತೊಟ್ಟಿಯಿಂದ ಕಿತ್ತುಬಂದ, ಒಂದು ಕಿಲೋ ತೂಕವೂ ಇರದ ನೊರೆಹೊದಿಕೆಯ ತುಂಡು ಕೊಲಂಬಿಯಾ ನೌಕೆಯ ಎಡರೆಕ್ಕೆಯ ಅಂಚನ್ನು ಒಡೆದಿತ್ತು. ಹದಿನಾರು ದಿನಗಳ ಬಳಿಕ ಇಳಿಯುವಾಗ ಆ ತೂತಿನ ಮೂಲಕ ಬಿಸಿ ಅನಿಲ ನುಗ್ಗಿ ನೌಕೆ ಟೆಕ್ಸಾಸ್ ಆಕಾಶದಲ್ಲಿ ಚೂರಾಯಿತು, ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಸತ್ತರು. ನೆಲಕ್ಕೆ ಬಿದ್ದ 84,000ಕ್ಕೂ ಹೆಚ್ಚು ಚೂರುಗಳನ್ನು ಹೊಲ, ಕಾಡುಗಳಲ್ಲಿ ಹುಡುಕಿ ತೆಗೆಯಲಾಯಿತು. ಹರಿಯಾಣದ ಕರ್ನಾಲ್‌ನಲ್ಲಿ ಕಲ್ಪನಾ ಓದಿದ ಶಾಲೆಯಲ್ಲಿ ಸಂಭ್ರಮಕ್ಕೆ ಸೇರಿದ್ದ ಮಕ್ಕಳು ಅಳುತ್ತ ಮನೆಗೆ ಹೋದರು. ಹಾಸನದ ನಿಯಂತ್ರಣ ಕೇಂದ್ರದಿಂದ ನೋಡಿಕೊಳ್ಳಲಾಗುತ್ತಿದ್ದ ಹವಾಮಾನ ಉಪಗ್ರಹ ಮೆಟ್‌ಸ್ಯಾಟ್‌ಗೆ ಕೆಲವೇ ದಿನಗಳಲ್ಲಿ ‘ಕಲ್ಪನಾ-1’ ಎಂದು ಹೆಸರಿಡಲಾಯಿತು. ಮರುವರ್ಷ ಕರ್ನಾಟಕ ಸರ್ಕಾರವು ಯುವ ವಿಜ್ಞಾನಿನಿಯರಿಗೆ ಅವರ ಹೆಸರಿನ ಪ್ರಶಸ್ತಿಯನ್ನು ಸ್ಥಾಪಿಸಿತು.

ಗುಟ್ಟು ಹೋದ ಕಾಲದಲ್ಲಿ ಹುಲ್ಲುಗಾವಲು ಹೊಸ ಬಗೆಯ ಮಾತುಗಳನ್ನೂ ಕೇಳಿತು. 2008ರ ಏಪ್ರಿಲ್ 19ರಂದು ಪೆಗ್ಗಿ ವಿಟ್ಸನ್, ದಕ್ಷಿಣ ಕೊರಿಯದ ಯಿ ಸೊ-ಯಾನ್ ಮತ್ತು ಯೂರಿ ಮಲೆಂಚೆಂಕೊ ಅವರಿದ್ದ ಸೋಯುಜ್ ನೌಕೆಯಲ್ಲಿ ವೊಲಿನೊವ್ ಅವರಿಗಾದಂತೆಯೇ ಭಾಗಗಳು ಸಕಾಲದಲ್ಲಿ ಕಳಚಲಿಲ್ಲ. ಕೋಶ ಗುರಿಗಿಂತ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ಹಿಂದೆ ಬಿದ್ದು ಸುತ್ತಲಿನ ಹುಲ್ಲಿಗೆ ಬೆಂಕಿ ತಗುಲಿತು, ಮೊದಲು ನೆರವಿಗೆ ಬಂದವರು ಅಲ್ಲಿನ ಕಜಾಕ್ ಜನರೇ. ರಷ್ಯನ್ ಅಂತರಿಕ್ಷ ಸಂಸ್ಥೆಯ ಮುಖ್ಯಸ್ಥರು, ಹಡಗಿನಲ್ಲಿ ಹೆಂಗಸರಿದ್ದರೆ ಅಪಶಕುನವೆಂಬ ಹಳೆಯ ನಂಬಿಕೆಯನ್ನು ಈ ಸಂದರ್ಭದಲ್ಲಿ ಪ್ರಸ್ತಾಪಿಸಿ ಟೀಕೆಗೆ ಗುರಿಯಾದರು. ಬೋಲ್ಟು ಸಿಡಿಯದ ತಪ್ಪನ್ನು ಯಾತ್ರಿಗಳ ಲಿಂಗದ ಮೇಲೆ ಹೊರಿಸುವುದು ಮುಚ್ಚಿಡುವುದಕ್ಕಿಂತ ಮೇಲೇನಲ್ಲ. ಜನರ ಕುತೂಹಲವೂ ಅಪಾಯವಾಗಬಲ್ಲದು: 2020ರ ಆಗಸ್ಟ್ 2ರಂದು ಫ್ಲಾರಿಡಾದ ಕಡಲಿಗೆ ಇಳಿದ ಡ್ರ್ಯಾಗನ್ ಕೋಶವನ್ನು ಖಾಸಗಿ ದೋಣಿಗಳು ಮುತ್ತಿದವು, ಕೋಶದ ಸುತ್ತ ವಿಷಕಾರಿ ಇಂಧನದ ಆವಿ ಸುಳಿಯುತ್ತಿದ್ದರೂ ಅವನ್ನು ದೂರವಿಡಲು ಅಲ್ಲಿದ್ದವರಿಗೆ ಆಗಲಿಲ್ಲ.

ಬೆಂಗಳೂರಿನ ಮಾನವ ಅಂತರಿಕ್ಷಯಾನ ಕೇಂದ್ರವು ಸಿದ್ಧಪಡಿಸುತ್ತಿರುವ ‘ಗಗನಯಾನ’ ಯೋಜನೆಯ ಕೋಶ ಸಮುದ್ರಕ್ಕೇ ಇಳಿಯಲಿದೆ. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಿಂದ ಹಾರಿಸಿದ ಯಾತ್ರಿಗಳಿಲ್ಲದ ಪರೀಕ್ಷಾ ಕೋಶದ ಉಡಾವಣೆ ಎಣಿಕೆಯ ಕೊನೆಯ ಐದು ಸೆಕೆಂಡುಗಳಲ್ಲಿ ನಿಂತುಹೋದದ್ದನ್ನೂ, ಕಾರಣ ಹೇಳಿ ಅದೇ ಬೆಳಿಗ್ಗೆ ಮತ್ತೆ ಹಾರಿಸಿದ್ದನ್ನೂ ದೇಶ ನೇರಪ್ರಸಾರದಲ್ಲಿ ನೋಡಿತು. ಪ್ಯಾರಾಚೂಟುಗಳು ಸರಿಯಾಗಿ ಬಿಚ್ಚಿದವು. ಬಂಗಾಳ ಕೊಲ್ಲಿಯಲ್ಲಿ ನೌಕಾಪಡೆಯವರು ತಲಪಿದಾಗ ಕೋಶ ತಲೆಕೆಳಗಾಗಿ ತೇಲುತ್ತಿತ್ತು; ನೀರಿನಲ್ಲಿ ಅದನ್ನು ನೆಟ್ಟಗಾಗಿಸುವ ಗಾಳಿಚೀಲಗಳನ್ನು ಆ ಕೋಶಕ್ಕೆ ಅಳವಡಿಸಿರಲಿಲ್ಲ, ಮುಂದಿನವುಗಳಲ್ಲಿ ಇರುತ್ತವೆ ಎಂದು ಇಸ್ರೊ ತಿಳಿಸಿತು.